ಜಾರುವ ಬಂಡೆ, ಹೊರಗಿನ ಗುಡ್ಲು

ನಾನು ಏನು ಕೆಲಸ ಮಾಡುತ್ತೇನೆ ಅಂತ ನಮ್ಮ ಹಟ್ಟಿಯಲ್ಲಿ ಕೇಳಿದರೆ, 'ಅವ್ಳಾ, ಮ್ಯಾಲಿಂದ ಬಂಡೆ ಫೋಟೋ ಹಿಡೀತಾಳೆ' ಅನ್ನುತ್ತಾರೆ. ಫೋಟೋ ಅಲ್ಲ ಕಣ್ರಪ್ಪ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಉಪಗ್ರಹ ಆಕಾಶದಿಂದ ಒಂದು ರೇಡಿಯೋ ಅಲೆ ಬಿಡುತ್ತದೆ, ಅದು ನೆಲಕ್ಕೆ ತಗುಲಿ ವಾಪಸ್ಸು ಹೋಗುತ್ತದೆ. ಕೆಲವು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದು ಮತ್ತೆ ಬಿಡುತ್ತದೆ. ಈ ನಡುವೆ ನೆಲ ಒಂದು ಉಗುರಿನ ದಪ್ಪದಷ್ಟು ಅಲುಗಿದ್ದರೂ ಅಲೆ ಹಿಂದಿರುಗುವುದರಲ್ಲಿ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸ ಹಿಡಿಯುವುದು ನನ್ನ ಕೆಲಸ. ಮೋಡ ಇದ್ದರೂ ಸರಿ, ಕತ್ತಲಿದ್ದರೂ ಸರಿ. ಇಷ್ಟೆಲ್ಲ ಕೇಳಿದ ಮೇಲೂ ಅವರು 'ಅದೇ ಕಣಮ್ಮ, ಫೋಟೋ' ಅಂದರೆ ನಾನೂ ಹೂಂ ಅಂದುಬಿಡುತ್ತೇನೆ.

ಈ ಕೆಲಸಕ್ಕೆ ನಮ್ಮ ಸೀಮೆಯಂಥ ಸೀಮೆ ಇನ್ನೊಂದಿಲ್ಲ. ಕಾಡು ದಟ್ಟವಾಗಿರುವ ಕಡೆ ಎಲೆ ಅಲ್ಲಾಡಿದರೂ ಅಲೆ ಕೆಡುತ್ತದೆ. ಮಧುಗಿರಿಯ ಬೋಳು ಬಂಡೆ ಹಾಗಲ್ಲ, ಕೇಳಿದ್ದಕ್ಕೆ ನೇರ ಉತ್ತರ ಕೊಡುತ್ತದೆ. ಕೊರಟಗೆರೆ ಕಡೆಯ ಇಳಿಜಾರುಗಳು, ಸಿದ್ದರಬೆಟ್ಟಕ್ಕೆ ಹತ್ತುವ ದಾರಿಯ ಆಚೀಚೆಯ ಗುಂಡುಗಳು, ಶಿರಾದ ಕಡಲೆಕಾಯಿ ಹೊಲಗಳ ನಡುವೆ ಎದ್ದಿರುವ ಅರೆಗಳು, ಎಲ್ಲವನ್ನೂ ವರ್ಷಗಟ್ಟಲೆ ನೋಡಿದ್ದೇನೆ. ಪಾವಗಡದ ಕಡೆ ಬೋರ್‌ವೆಲ್ ನೀರು ಎಳೆದಂತೆಲ್ಲ ನೆಲ ಕೂರುತ್ತದೆಯೇ ಅಂತ ನೋಡಲು ಹೋದಾಗ ಒಬ್ಬ ರೈತ ತೆಲುಗು ಬೆರೆಸಿ, 'ಪೈನಿಂಚಿ, ಅಷ್ಟು ಮ್ಯಾಲಿಂದ ನೋಡಿದ್ರೆ ನಮ್ ಬೋರಲ್ಲಿ ನೀಳ್ಳು ಎಷ್ಟೈತೋ ಕಾಣ್ತದಾ ಮೇಡಂ?' ಅಂತ ಕೇಳಿದ್ದ. ಕಾಣೋದಿಲ್ಲ ಅಂದೆ. 'ಮತ್ತೆ ಅಷ್ಟು ಮ್ಯಾಲಕ್ಕೆ ಹೋಗಿ ಏನು ಬಂತು?' ಅಂದ. ಅವನ ಮಾತಿಗೆ ನಾನು ನಕ್ಕೆ, ಆದರೆ ನನ್ನ ಕೆಲಸದ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಬಂಡೆ ಕೂತಿದೆ, ಯಾವುದು ಸರಿಯುತ್ತಿದೆ ಎಂದು ನನ್ನಷ್ಟು ಖಚಿತವಾಗಿ ಹೇಳಬಲ್ಲವರು ಕಡಿಮೆ. ಜಂಬ ಅಂದುಕೊಂಡರೆ ಅಂದುಕೊಳ್ಳಲಿ.

ಆ ವರ್ಷ ಮುಂಗಾರಿಗೆ ಮುಂಚೆ ಮಧುಗಿರಿಯಲ್ಲಿ ಒಂದು ಸಭೆ ಇತ್ತು. ಸರ್ಕಾರಿ ಕಚೇರಿಯ ಮಹಡಿಯ ಕೋಣೆ, ಗರಗರ ಅನ್ನುವ ಫ್ಯಾನು. ನಮ್ಮ ತಂಡದ ಹಿರಿಯರು ಗೋಡೆಯ ಮೇಲೆ ನಕ್ಷೆ ಬಿಟ್ಟು ಒಂದೊಂದೇ ಬೆಟ್ಟ ತೋರಿಸುತ್ತಿದ್ದರು. ಅವರು ಕರಾವಳಿ ಕಡೆಯವರು, ಸಾಧು ಮನುಷ್ಯ, ನನಗೆ ಈ ವಿದ್ಯೆ ಕಲಿಸಿದವರು. ನೀಲಿ ಇದ್ದಲ್ಲಿ ಬಂಡೆ ನಿಂತಿದೆ, ಕೆಂಪು ಇದ್ದಲ್ಲಿ ಜಾರುತ್ತಿದೆ. ಕೆಂಪಿನ ಕೆಳಗೆ ಮನೆಗಳಿದ್ದರೆ ಮಳೆಗೆ ಮುಂಚೆಯೇ ಹೋಗಿ ಜನರನ್ನು ಎಬ್ಬಿಸಬೇಕು. ಮನೆಗಳಿಲ್ಲದಿದ್ದರೆ ಮಳೆಗಾಲ ಮುಗಿದ ಮೇಲೆ ನೋಡಿದರೂ ನಡೆಯುತ್ತದೆ. ಮನೆ ಇದೆಯೋ ಇಲ್ಲವೋ ಅನ್ನುವುದನ್ನು ಕಂಪ್ಯೂಟರೇ ಹೆಂಚು, ಶೀಟು, ಆರ್‌ಸಿಸಿ ಮಾಳಿಗೆ ಗುರುತು ಹಿಡಿದು ಹೇಳುತ್ತಿತ್ತು.

ಮಧುಗಿರಿಗೂ ಶಿರಾಕ್ಕೂ ನಡುವೆ ಒಂದು ಬೋಳು ಬೆಟ್ಟ ಬಂತು. ಅದರ ಮೂಡಣ ಮಗ್ಗುಲಲ್ಲಿ ಕೆಂಪು ಚುಕ್ಕಿಗಳ ಗುಂಪು. ಬೆಟ್ಟದ ಮೈಯಿಂದ ಒಂದು ದೊಡ್ಡ ಚಕ್ಕೆ ಎದ್ದು ಮೆಲ್ಲಗೆ ಕೆಳಗೆ ಸರಿಯುತ್ತಿದೆ ಎಂದು ಅದರ ಅರ್ಥ.

'ಕೆಳಗೆ ಒಂದು ಹುಣಸೆ ಮರ ಅಷ್ಟೆ. ಹಟ್ಟಿ ದೂರ ಇದೆ, ಅದಕ್ಕೇನೂ ಭಯ ಇಲ್ಲ. ಮಳೆ ಮುಗಿದ ಮೇಲೆ ಹೋಗೋಣ' ಎಂದು ಹಿರಿಯರು ಮುಂದಿನ ಬೆಟ್ಟಕ್ಕೆ ಹೋಗಲು ಹೊರಟರು.

ಅದು ನಾನು ಹುಟ್ಟಿದ ಹಟ್ಟಿ. ಅದು ನಾನು ಹತ್ತಿದ ಹುಣಸೆ ಮರ.

'ಸರ್, ಮರದ ಬುಡದಲ್ಲಿ ಗುಡ್ಲಿದೆ' ಅಂದೆ.

'ಗುಡ್ಲು? ಇದರಲ್ಲಿ ತೋರಿಸ್ತಾ ಇಲ್ಲವಲ್ಲ.'

'ತೋರಿಸಲ್ಲ ಸರ್. ಗರಿ, ಟಾರ್ಪಾಲು. ಕಂಪ್ಯೂಟರಿಗೆ ಅದು ಮನೆ ಅಲ್ಲ. ನಮ್ಮ ಹಟ್ಟಿಯವರಿಗೂ ಅದು ಮನೆ ಅಲ್ಲ. ಆದರೆ ಅಲ್ಲಿ ಜನ ಮಲಗ್ತಾರೆ.'

ಯಾರು ಎಂದು ಕೇಳಿದರು. ಹೇಳಿದೆ. ಮುಟ್ಟಾದ ಹೆಣ್ಣುಮಕ್ಕಳು, ಹೆತ್ತು ಆಸ್ಪತ್ರೆಯಿಂದ ಬಂದ ಬಾಣಂತಿಯರು. ಹಟ್ಟಿಯೊಳಗೆ ದೇವರಿರುವುದರಿಂದ ಅವರು ಹೊರಗಿರಬೇಕು. ಸೂತಕ ಕಳೆದು, ತಲೆಗೆ ನೀರು ಬಿದ್ದ ಮೇಲೆ ಒಳಗೆ ಬರಬೇಕು. ಕೋಣೆಯಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕುವುದರಲ್ಲಿ ಮಗ್ನರಾದರು. ನನಗೆ ನಾಚಿಕೆ ಏನೂ ಆಗಲಿಲ್ಲ. ಮುಟ್ಟು ಅಂದ ಮಾತ್ರಕ್ಕೆ ಪ್ರೊಜೆಕ್ಟರು ಸುಟ್ಟುಹೋಗುವುದಿಲ್ಲ.

'ಈಗ ಅಲ್ಲಿ ಯಾರಾದರೂ ಇದ್ದಾರಾ?' ಎಂದು ಹಿರಿಯರು ಕೇಳಿದರು.

'ನನ್ನ ಅಣ್ಣನ ಮಗಳಿದ್ದಾಳೆ ಸರ್. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹಸಿ ಬಾಣಂತಿ. ಕೂಸೂ ಅಲ್ಲೇ ಇದೆ.'

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. 'ಹಾಗಾದರೆ ನೀವು ಇಲ್ಲಿ ಕೂತು ಏನು ಮಾಡ್ತಾ ಇದ್ದೀರಿ? ನನ್ನ ಜೀಪು ತಗೊಂಡು ಹೋಗಿ' ಅಂದರು.

ದಾರಿಯುದ್ದಕ್ಕೂ ನನಗೆ ಸಿಟ್ಟು. ಯಾರ ಮೇಲೆ ಅಂತ ಕೇಳಿದರೆ ಎಲ್ಲರ ಮೇಲೂ. ಆ ಗುಡ್ಲಿನಲ್ಲಿ ನಾನೂ ಇದ್ದವಳೇ. ದೊಡ್ಡವಳಾದ ಹೊಸತರಲ್ಲಿ ಅಲ್ಲಿ ಕೂತು ಅತ್ತಿದ್ದೇನೆ. ಆಮೇಲೆ ಅಳು ನಿಂತು, ಜೊತೆಯವರ ಸಂಗಡ ಬಂಡೆಯ ಮೇಲೆ ಚೌಕಾಬಾರದ ಮನೆ ಗೀಚಿ ಆಡಿದ್ದೇನೆ. ನೀರು ಹೊರುವುದು ತಪ್ಪುತ್ತದೆ, ಮುದ್ದೆ ಕೂತಲ್ಲಿಗೆ ಬರುತ್ತದೆ, ಹೆಂಗಸರಿಗೆ ಅದೊಂದೇ ವಿಶ್ರಾಂತಿ ಅನ್ನುವವರೂ ಇದ್ದರು. ಇರಬಹುದು. ಆದರೆ ಚಳಿಗೆ ನಡುಗುತ್ತಾ ಪಡೆಯುವ ವಿಶ್ರಾಂತಿ ಯಾರಿಗೆ ಬೇಕು? ಸಂಜೆ ಬಿಸಿಲು ಇಳಿದಾಗ ಮೇಲಿಂದ ಟಕ್ ಟಕ್ ಅಂತ ಸದ್ದು ಕೇಳುತ್ತಿತ್ತು. ದೇವರು ಹಲ್ಲು ಕಡಿಯುತ್ತದೆ, ಸುಮ್ಮನೆ ಮಲಕ್ಕೊಳ್ಳಿ ಅನ್ನುತ್ತಿದ್ದರು ದೊಡ್ಡವರು. ಕಾದ ಬಂಡೆ ತಣ್ಣಗಾಗುವಾಗ ಪದರ ಬಿಡುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಕಾಲೇಜಿನಲ್ಲಿ.

ಹಿಂದೆ ಒಂದು ಸಲ ಅಧಿಕಾರಿಗಳು ಬಂದು ಭಾಷಣ ಮಾಡಿ, ಗುಡ್ಲು ಕೀಳಿಸಿ, ಫೋಟೋ ಹೊಡೆಸಿಕೊಂಡು ಹೋಗಿದ್ದರು. ಅವರ ಜೀಪು ರಸ್ತೆ ತಿರುಗುವ ಹೊತ್ತಿಗೆ ಇಲ್ಲಿ ಮತ್ತೆ ಗುಡ್ಲಿನ ಗಳ ನೆಟ್ಟಾಗಿತ್ತು.

ನಾನು ಮೊದಲು ಹಟ್ಟಿಗೆ ಹೋಗಲಿಲ್ಲ, ಬೆಟ್ಟ ಹತ್ತಿದೆ. ಆಕಾಶದಿಂದ ಕಂಡದ್ದನ್ನು ನೆಲದ ಮೇಲೆ ನಿಂತು ನೋಡದೆ ಬಾಯಿ ಬಿಡುವುದು ನನ್ನ ಜಾಯಮಾನವಲ್ಲ. ಚಕ್ಕೆಯ ಹಿಂದೆ ಸೀಳು ಇತ್ತು. ಬಾಯಿ ತೆರೆದ ಕಡೆ ಕಲ್ಲು ಬೆಳ್ಳಗೆ, ಹೊಸದು. ಸೀಳಿಗೆ ಅಡ್ಡ ಬೆಳೆದಿದ್ದ ಒಂದು ಬೇರು ಬಿಗಿದು ಬಿಗಿದು ಹರಿದಿತ್ತು, ಹರಿದ ತುದಿ ಇನ್ನೂ ಹಸಿ. ನಾನು ಕೈ ಹಾಕಿದೆ, ಮೊಣಕೈವರೆಗೂ ಹೋಯಿತು. ನಕ್ಷೆಯಲ್ಲಿ ಕೆಂಪು ಎಲ್ಲಿ ನಿಂತಿತ್ತೋ ಸೀಳೂ ಅಲ್ಲಿಗೇ ನಿಂತಿತ್ತು. ಹೆಮ್ಮೆಪಡುವ ಹೊತ್ತು ಅದಲ್ಲ, ಆದರೂ ಪಟ್ಟೆ. ಅಷ್ಟು ದೂರದಿಂದ ಅಷ್ಟು ಸಣ್ಣದನ್ನು ಹಿಡಿದಿದ್ದೆವು. ಆಮೇಲೆ ಕೆಳಗೆ ನೋಡಿದೆ. ಹುಣಸೆ ಮರದ ಬುಡದಲ್ಲಿ ನೀಲಿ ಟಾರ್ಪಾಲು, ಅದರ ಪಕ್ಕದ ಹಗ್ಗದ ಮೇಲೆ ಕೂಸಿನ ಬಟ್ಟೆ ಒಣಗುತ್ತಿತ್ತು.

ಇಳಿದು ಗುಡ್ಲಿಗೆ ಹೋದೆ. ಅಣ್ಣನ ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಚಾಪೆಯ ಮೇಲೆ ಕೂತಿದ್ದಳು. ಶಿರಾದಲ್ಲಿ ಪಿಯುಸಿ ಓದಿದ ಹುಡುಗಿ. ನನ್ನನ್ನು ನೋಡಿ ಮುಖ ಅರಳಿತು, ಹಿಂದೆಯೇ ಗಾಬರಿ.

'ಮುಟ್ಬ್ಯಾಡಿ ಅತ್ತೆ, ನೀವೂ ಮೈಲಿಗೆ ಆಯ್ತೀರ.'

'ಆಗ್ಲಿ ಬುಡು' ಅಂದು ನಾನು ಕೂಸನ್ನು ಎತ್ತಿಕೊಂಡೆ. ಬೆಚ್ಚಗಿತ್ತು. ನನ್ನ ಬೆರಳು ಹಿಡಿದುಕೊಂಡು ನಿದ್ದೆ ಮುಂದುವರಿಸಿತು. 'ಏಳು. ಮ್ಯಾಲಿನ ಬಂಡೆ ಜಾರ್ತಾ ಐತೆ. ಇವತ್ತು ನೀನು ಇಲ್ಲಿ ಮಲಗೋ ಹಂಗಿಲ್ಲ.'

'ಒಳೀಕೆ ಬುಡಲ್ಲ ಅತ್ತೆ. ಅಪ್ಪನ ಮರ್ಯಾದೆ ಹೋಯ್ತದೆ.'

'ನಿಮ್ಮಪ್ಪನ ಮರ್ಯಾದೆ ಬಂಡೆ ತಡೀತದಾ? ಏಳು ಅಂದ್ರೆ ಏಳು.'

ಎದ್ದಳು. ಗೋಡೆ ಇದ್ದರೆ ಗೋಡೆ ಹಿಡಿದು ನಡೆಯಬೇಕಾದ ಸ್ಥಿತಿ. ಅಲ್ಲಿ ಹಿಡಿಯಲು ನನ್ನ ಭುಜ ಮಾತ್ರ ಇತ್ತು.

ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ, ಒಂದೇ ಬಾಗಿಲು. ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದ. ನಮ್ಮಪ್ಪನ ತಮ್ಮ, ಹಟ್ಟಿ ದೇವರ ಪೂಜಾರಿ. ಕೆಟ್ಟವನಲ್ಲ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸು ಅಂತ ನನ್ನ ಅಣ್ಣನಿಗೆ ಹೇಳಿದವನು ಅವನೇ. ಮಂದೆಯಲ್ಲಿ ಕುಂಟುವ ಮರಿ ಇದ್ದರೆ ಹೊತ್ತುಕೊಂಡೇ ಮನೆಗೆ ಬರುವವನು. ಆದರೆ ದೇವರ ವಿಷಯಕ್ಕೆ ಬಂದರೆ ಕಲ್ಲು. ನನ್ನ ಕೈಯಲ್ಲಿ ಕೂಸನ್ನು ನೋಡಿದ್ದೇ ಎರಡು ಕೈಯನ್ನೂ ಅಡ್ಡ ಹಿಡಿದ.

'ಅಲ್ಲೇ ನಿಂತ್ಕ ಕಣಮ್ಮ. ಓದಿದೋಳು ನೀನು, ನೀನೇ ಇಂಗ್ ಮಾಡಿದ್ರೆ ಹೆಂಗೆ?'

ಹೇಳಿದೆ. ಸೀಳು, ಬೇರು, ಕೆಂಪು ಚುಕ್ಕಿ ಎಲ್ಲ ಹೇಳಿದೆ. ಅಣ್ಣ ಬಂದು ಚಿಕ್ಕಪ್ಪನ ಹಿಂದೆ ನಿಂತ. ಹಟ್ಟಿಯ ಜನ ಒಬ್ಬೊಬ್ಬರೇ ಕೂಡಿದರು.

'ಆ ಬಂಡೆ ನಮ್ಮ ತಾತನ ಕಾಲದಿಂದ ಅಲ್ಲೇ ಐತೆ. ದ್ಯಾವ್ರು ಹಿಡ್ಕಂಡೈತೆ' ಅಂದ ಚಿಕ್ಕಪ್ಪ.

'ಹಿಡ್ಕಂಡಿದ್ದು ಸಾಕಾಗೈತೆ ಚಿಕ್ಕಪ್ಪ. ಸೀಳಿಗೆ ನನ್ನ ಕೈ ಹೋಗ್ತದೆ. ಬಾ, ನೀನೂ ಹಾಕಿ ನೋಡು.'

'ಅಲ್ಲಿಗೆ ನಾನ್ ಬರಕಾಯ್ತದಾ? ಆ ಮೈಲಿಗೆ ಜಾಗಕ್ಕೆ ಇವತ್ತಿನ ತನಕ ಕಾಲಿಕ್ಕಿಲ್ಲ.' ಸ್ವಲ್ಪ ಯೋಚಿಸಿ, 'ಬೇಕಾರೆ ಗುಡ್ಲು ಬ್ಯಾರೆ ಕಡೆ ಹಾಕಾಣ ಬುಡು' ಅಂದ.

ಸರಿ, ಎಲ್ಲಿ ಅಂದೆ. ಎಲ್ಲರೂ ಸುತ್ತ ನೋಡಿದರು. ಮೂಡಣಕ್ಕೆ ದೇವರ ದಾರಿ, ಅಲ್ಲಿ ಆಗದು. ಬಡಗಣಕ್ಕೆ ಕುರಿ ರೊಪ್ಪ, ಅದರಾಚೆ ಬೇರೆಯವರ ಹೊಲ. ತೆಂಕಣಕ್ಕಿದ್ದ ಬಯಲನ್ನು ಯಾರೋ ಸೈಟು ಮಾಡಿ ತಂತಿ ಎಳೆದಿದ್ದರು. ರಸ್ತೆ ಅಗಲವಾಗಿ ಬೇಲಿಯವರೆಗೂ ಬಂದಿತ್ತು. ನಾನು ಚಿಕ್ಕವಳಿದ್ದಾಗ ಹಟ್ಟಿಯ ಸುತ್ತ ಬೇಕಾದಷ್ಟು ಬಯಲಿತ್ತು, ಈಗ ಹೊರಗೆ ಅನ್ನುವುದೇ ಉಳಿದಿರಲಿಲ್ಲ. ಉಳಿದದ್ದು ಬಂಡೆಯ ಕೆಳಗಿನ ಆ ಒಂದು ತುಂಡು ಮಾತ್ರ. ಬೇರೆ ಯಾರಿಗೂ ಬೇಡವಾದ ಜಾಗ.

'ಇನ್ನೇನು ಮುಗೀತಾ ಬಂತು ಕಣಮ್ಮ, ಸೂತಕ ಕಳೆದ್ರೆ ನೀರಾಕಿ ಒಳೀಕೆ ತರ್ತೀವಿ. ಅಷ್ಟ್ರಾಗೆ ಏನಾಯ್ತದೆ?' ಅಂದ ಚಿಕ್ಕಪ್ಪ.

ನನಗೆ ತಡೆಯಲಾಗಲಿಲ್ಲ. 'ನಿನ್ನ ಸೂತಕದ ಲೆಕ್ಕ ಬಂಡೆಗೆ ಗೊತ್ತೈತಾ ಚಿಕ್ಕಪ್ಪ? ಬೀಳೋದು ಇವತ್ತೂ ಬೀಳಬೋದು, ಮಳೆ ಬಂದಾಗ್ಲೂ ಬೀಳಬೋದು. ಬಿದ್ದ ಮೇಲೆ ಯಾರಿಗೆ ನೀರಾಕ್ತೀಯ?'

ಗುಂಪಿನಲ್ಲಿ ಯಾರೋ 'ಬುಡ್ತು ಅನ್ನು' ಅಂದರು. ಅನ್ನಲಿಲ್ಲ. ಅಣ್ಣನ ಕಡೆ ನೋಡಿದೆ. ಅವನು ಮಗಳನ್ನು ನೋಡುತ್ತಿದ್ದ. ಅಷ್ಟು ಜನರ ಎದುರು ಚಿಕ್ಕಪ್ಪನ ಮಾತು ಮೀರಿ ಅವನಿಗೆ ಅಭ್ಯಾಸವಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಹುಡುಗಿ ನಿಂತಲ್ಲೇ ತೂಗುತ್ತಿದ್ದಳು. ಅವಳನ್ನು ಜೀಪಿಗೆ ಹತ್ತಿಸಿ ಮಧುಗಿರಿಗೆ ಕರೆದುಕೊಂಡು ಹೋಗುವುದು ನನಗೆ ಕಷ್ಟವಿರಲಿಲ್ಲ. ಆದರೆ ಇವಳನ್ನು ಕರೆದುಕೊಂಡು ಹೋದರೆ ಗುಡ್ಲು ಅಲ್ಲೇ ಇರುತ್ತದೆ. ನಾಳೆ ಇನ್ನೊಬ್ಬಳು ಬಂದು ಚಾಪೆ ಹಾಸುತ್ತಾಳೆ. ಅದಕ್ಕೇ ನಾನು ಜಗ್ಗದೆ ನಿಂತಿದ್ದೆ.

ಆಗ ಅವ್ವ ಬಂದಳು. ನಿಜ ಹೇಳಬೇಕೆಂದರೆ ನನಗೆ ಚಿಕ್ಕಪ್ಪನಿಗಿಂತ ಅವ್ವನದೇ ಹೆದರಿಕೆ. ಮಡಿ ಮೈಲಿಗೆಯಲ್ಲಿ ಅವಳಷ್ಟು ಕಟ್ಟುನಿಟ್ಟು ಪೂಜಾರಿಯೂ ಇರಲಿಲ್ಲ. ಹುಡುಗಿಯಾಗಿದ್ದಾಗ ಪುಸ್ತಕ ತರುವುದಕ್ಕೆ ಅಂತ ಗುಡ್ಲಿನಿಂದ ಕದ್ದು ಹಟ್ಟಿಯೊಳಗೆ ಬಂದಿದ್ದಕ್ಕೆ ಅವ್ವ ಹುಣಸೆ ಬರಲಿನಲ್ಲಿ ಬಾರಿಸಿದ್ದಳು. ಈಗಲೂ ಅದೇ ಬಿಗಿ ಮುಖ. ಬಾಗಿಲ ಒಳಗೇ ನಿಂತು ನನ್ನನ್ನು ಕೇಳಿದಳು.

'ಎಷ್ಟು ಸರಿದೈತೆ?'

'ನಾಲ್ಕು ಬೆರಳಗಲ ಅವ್ವ.'

'ಯಾವಾಗಿಂದ?'

'ಹೋದ ಮಳೆಗಾಲದಿಂದ. ಮೊದಮೊದಲು ಮೆಲ್ಲಗೆ. ಈ ಬ್ಯಾಸಗೇಲಿ ಜೋರಾಗೈತೆ.'

'ನೀನ್ ನೋಡಿದ್ದು ದಿಟವಾ? ಇಲ್ಲಾ, ಈ ಗುಡ್ಲಿನ ಮ್ಯಾಲೆ ನಿಂಗ್ ಮೊದ್ಲಿಂದ ಇರೋ ಸಿಟ್ಟಾ?'

ಕೇಳಬೇಕಾದ ಪ್ರಶ್ನೆಯೇ. ನಾನು ಅವ್ವನ ಕಣ್ಣನ್ನೇ ನೋಡಿ ಹೇಳಿದೆ. 'ಸಿಟ್ಟೂ ದಿಟ, ಬಂಡೆ ಸರಿದದ್ದೂ ದಿಟ. ಸಿಟ್ಟಿಗೆ ಸುಳ್ಳು ಹೇಳೋಳಲ್ಲ ನಾನು.'

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿಕ್ಕಪ್ಪನ ಕೈಯ ಕೆಳಗಿನಿಂದ ತೂರಿ ಹೊರಗೆ ಬಂದಳು. ಮೊಮ್ಮಗಳ ಕೆನ್ನೆ ಮುಟ್ಟಿದಳು. ಕೂಸಿನ ತಲೆ ಮುಟ್ಟಿದಳು. ಗುಂಪಿನಲ್ಲಿ ಗುಜುಗುಜು ಎದ್ದಿತು. ಅವ್ವ ತಿರುಗಿ ನೋಡದೆ ಬೆಟ್ಟದ ಕಡೆ ನಡೆದಳು.

'ಎಲ್ಗೆ ಅತ್ತಿಗೆ?' ಅಂದ ಚಿಕ್ಕಪ್ಪ.

'ಹೊರಗೆ. ಹೊರಗೆ ಒಬ್ರು ಇರ್ಬೇಕು ತಾನೆ? ಈಗ ನಾನೂ ಮೈಲಿಗೆಯೇ. ನಾನಿರ್ತೀನಿ. ಅವ್ಳನ್ನ ಒಳೀಕೆ ಬುಡು.'

ಹೋಗಿ ಗುಡ್ಲಿನೊಳಗೆ ಕೂತುಬಿಟ್ಟಳು, ಕಾಲು ಚಾಚಿಕೊಂಡು. ಎಲ್ಲರೂ ಅವಳ ಹಿಂದೆ ಓಡಿದರು. ನಾನು ಅಣ್ಣನ ಮಗಳನ್ನು ಬೇಲಿಯ ಪಕ್ಕ ರಸ್ತೆಯಲ್ಲಿ ನಿಂತಿದ್ದ ಜೀಪಿನ ಸೀಟಿನಲ್ಲಿ ಕೂರಿಸಿ, ಕೂಸನ್ನು ಮಡಿಲಿಗೆ ಹಾಕಿ ಹೋಗುವಷ್ಟರಲ್ಲಿ ಹಟ್ಟಿಯೇ ಹುಣಸೆ ಮರದ ಈಚೆಗೆ ಬಂದು ನಿಂತಿತ್ತು. ಅವ್ವನನ್ನು ಅಲ್ಲಿ ಕಂಡಾಗ ನನ್ನ ವಿದ್ಯೆ, ಧೈರ್ಯ ಎಲ್ಲ ಹಾರಿಹೋಯಿತು. 'ಅವ್ವ, ಎದ್ದು ಬಾ' ಅಂದೆ.

'ನೀನ್ ಸುಮ್ಕಿರು' ಅಂದಳು.

ಗುಡುಗಿತು. ಗಾಳಿಗೆ ಟಾರ್ಪಾಲು ಪಟಪಟ ಬಡಿಯತೊಡಗಿತು. ಚಿಕ್ಕಪ್ಪ ಮರದ ನೆರಳಿನ ಅಂಚಿನಲ್ಲಿ, ಅವನು ಯಾವತ್ತೂ ದಾಟದ ಗೆರೆಯಲ್ಲಿ ನಿಂತು ಮೇಲೆ ನೋಡಿದ, ಅವ್ವನನ್ನು ನೋಡಿದ, ಮತ್ತೆ ಮೇಲೆ ನೋಡಿದ. ಅವನು ತಾಯಿ ಕಾಣದೆ ಬೆಳೆದವನು. ಮದುವೆಯಾಗಿ ಬಂದ ಹೊಸತರಲ್ಲಿ ಅವನಿಗೆ ತುತ್ತಿಟ್ಟು ಬೆಳೆಸಿದವಳು ಅವ್ವ.

'ಎದ್ ಬಾ ಅತ್ತಿಗೆ' ಅಂದ. ಅವ್ವ ಅಲುಗಲಿಲ್ಲ.

'ಎದ್ ಬಾ ಅಂದ್ರೆ ಕೇಳಾಕಿಲ್ವಾ? ಮಳೆ ಬತ್ತಾ ಐತೆ. ಬಂಡೆ ಉರುಳಿದ್ರೆ ಏನ್ ಗತಿ?'

ಅವ್ವ ತಲೆಯೆತ್ತಿ ಅವನನ್ನು ನೋಡಿದಳು. ಗಟ್ಟಿಯಾಗಿ ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

'ಉರುಳ್ತೈತೆ ಅಂತ ನಿಂಗೂ ಅನ್ಸೈತೆ. ಮತ್ತೆ ಮಗೀನ ಯಾಕ್ಲಾ ಇಲ್ಲಿ ಮಲಗಿಸಿದ್ದೆ?'

ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಒರೆಸಿದ್ದು ಬೆವರಲ್ಲ ಎಂದು ನನಗೆ ಗೊತ್ತಾಯಿತು. ಆಮೇಲೆ ಅಣ್ಣನ ಕಡೆ ತಿರುಗಿ ರೇಗಿದ. 'ನಿಂತ್ಕಂಡು ಏನ್ಲಾ ನೋಡ್ತಿದ್ದೀಯ? ಮಗಳನ್ನ ಒಳೀಕೆ ಕರ್ಕಂಡೋಗು. ಬಾಣಂತಿ ಮ್ಯಾಲೆ ಮಳೆ ಬಿದ್ದಾತು.'

ಅಣ್ಣ ಜೀಪಿನ ಕಡೆ ಓಡಿದ. ಅಷ್ಟು ಜೋರಾಗಿ ಅವನು ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಗಳನ್ನು ಒಂದು ಕೈಯಲ್ಲಿ ಆನಿಸಿಕೊಂಡು, ಕೂಸನ್ನು ಎದೆಗೆ ಒತ್ತಿಕೊಂಡು ಹಟ್ಟಿಯ ಬಾಗಿಲು ದಾಟಿದ. ದೇವರು ಏನೂ ಅನ್ನಲಿಲ್ಲ.

'ಈಗಾದ್ರೂ ಎದ್ದೇಳು ಅತ್ತಿಗೆ.'

'ಈ ಗುಡ್ಲು ಕೀಳ್ರಿ ಮೊದ್ಲು. ಕಿತ್ತದ್ದು ನೋಡಿ ಏಳ್ತೀನಿ. ಇಲ್ದಿದ್ರೆ ನಾಳೆ ಇನ್ನೊಬ್ಳನ್ನ ತಂದು ಕೂರಿಸ್ತೀರ.'

ಯಾರೂ ಮುಂದೆ ಬರಲಿಲ್ಲ. ಹೆಂಗಸರು ಗಂಡಸರ ಮುಖ ನೋಡಿದರು, ಗಂಡಸರು ಚಿಕ್ಕಪ್ಪನ ಮುಖ ನೋಡಿದರು. ದಪ್ಪ ದಪ್ಪ ಹನಿ ಶುರುವಾಯಿತು. ನಾನು ಹೆಜ್ಜೆ ಇಟ್ಟೆ, ಅವ್ವ ಬೇಡ ಎಂದು ಕೈ ತೋರಿಸಿದಳು. ಅವಳು ಕಾಯುತ್ತಿದ್ದದ್ದು ನನಗಲ್ಲ.

ಚಿಕ್ಕಪ್ಪ ಕಾಲಿನ ಚಪ್ಪಲಿ ಬಿಟ್ಟ, ದೇವರ ಮುಂದೆ ಬಿಡುವ ಹಾಗೆ. ಮರದ ನೆರಳಿನೊಳಕ್ಕೆ ಬಂದ. ಗುಡ್ಲಿನ ಮುಂದಿನ ಗಳವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತ. ಟಾರ್ಪಾಲು ಜಾರಿ ಅವ್ವನ ತಲೆಯ ಮೇಲೆ ಬಿತ್ತು. ಅವಳು ಅದನ್ನು ಸರಿಸಿ ಎದ್ದು ನಿಂತಳು, ಗಳದ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಅದನ್ನು ಹೊತ್ತುಕೊಂಡು ಮಳೆಯಲ್ಲಿ ಹಟ್ಟಿಯ ಕಡೆ ನಡೆದರು.